ಮಾತನಾಡಲೊಲ್ಲದ ಮಗುವೊ, ಮಾತನಾಡಲಾರದ ಮಗುವೊ?

ಹೋದ ವರ್ಷ ದಸರೆಯ ರಜೆಗೆ ಮುಂಚೆ ನನ್ನ ತಂಗಿಯ ಮಗಳ ಶಾಲೆಯಿಂದ ಪ್ರಗತಿ ಪತ್ರ ಬಂತು. ಒಂದನೆಯ ತರಗತಿ, ಆರು ವರ್ಷ. ಅಂಕಗಳ ಕೆಳಗೆ, ಉಪಾಧ್ಯಾಯರ ಅಭಿಪ್ರಾಯಕ್ಕೆಂದು ಬಿಟ್ಟ ಗೆರೆಯ ಮೇಲೆ ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು: 'ಹಟಮಾರಿ. ಕೇಳಿದ್ದಕ್ಕೆ ಬಾಯಿ ಬಿಡುವುದಿಲ್ಲ.' ತಂಗಿ ಅದನ್ನು ನನ್ನ ಮುಂದೆ ಹಿಡಿದು, "ಅಣ್ಣ, ನೀನು ಕನ್ನಡದ ಮೇಷ್ಟ್ರು. ಇದರ ಅರ್ಥ ಹೇಳು" ಎಂದಳು. ಮನೆಯಲ್ಲಿ ಆ ಹುಡುಗಿಯ ಬಾಯಿ ಮುಚ್ಚಿಸುವುದೇ ಕಷ್ಟ. ಅಡಿಗೆಮನೆಯಿಂದ ಜಗಲಿಯವರೆಗೆ ಅವಳದೇ ದನಿ. ಶಾಲೆಯ ಗೇಟು ದಾಟಿದರೆ ಒಂದಕ್ಷರವಿಲ್ಲ. ಒಂದಕ್ಕೆ ಹೋಗಬೇಕೆಂದು ಕೇಳಲಾಗದೆ ಎರಡು ಸಲ ಬಟ್ಟೆ ಒದ್ದೆ ಮಾಡಿಕೊಂಡು ಮನೆಗೆ ಬಂದಿದ್ದಳು. ಹಟಕ್ಕಾಗಿ ಅಷ್ಟು ದೊಡ್ಡ ಬೆಲೆ ತೆರುವ ಮಗು ಎಲ್ಲಿಯಾದರೂ ಉಂಟೆ?

ತಂಗಿಯ ಪ್ರಶ್ನೆ ವ್ಯಾಕರಣದ ಪ್ರಶ್ನೆಯೇ ಆಗಿತ್ತು. 'ಬಾಯಿ ಬಿಡುವುದಿಲ್ಲ' ಎಂಬಲ್ಲಿಯ 'ಇಲ್ಲ' ಬಹಳ ಸೋಮಾರಿಯಾದ ಶಬ್ದ. ಕಾರಣವನ್ನು ಹೇಳದೆ ಸಂಗತಿಯನ್ನು ಮಾತ್ರ ಹೇಳಿ ಕೈತೊಳೆದುಕೊಳ್ಳುತ್ತದೆ. ನಮ್ಮ ನುಡಿಯಲ್ಲಿ ಅದಕ್ಕಿಂತ ಸೂಕ್ಷ್ಮವಾದ ಎರಡು ನಿಷೇಧಗಳಿವೆ: 'ಒಲ್ಲ' ಮತ್ತು 'ಆರ'. ಮನಸ್ಸಿಲ್ಲದವನು ಮಾತನಾಡಲೊಲ್ಲ, ಶಕ್ತಿ ಸಾಲದವನು ಮಾತನಾಡಲಾರ. 'ಒಲ್ಲೆ' ಎಂಬುದು ಇಂದಿಗೂ ಉತ್ತರ ಕರ್ನಾಟಕದ ಮನೆಮಾತು. 'ಆರೆ' ಮಾತ್ರ ಪುಸ್ತಕಕ್ಕೆ ಸರಿದು ಕುಳಿತಿದೆ. ಪಾಠಶಾಲೆಗಳಲ್ಲಿ ಅದನ್ನು ಮರೆತದ್ದರಿಂದ ಆಗಿರುವ ಅನ್ಯಾಯ ಸಣ್ಣದಲ್ಲ.

ಈ ಗೊಂದಲಕ್ಕೆ ಆ ಉಪಾಧ್ಯಾಯಿನಿಯೊಬ್ಬರನ್ನೇ ದೂರುವುದು ತರವಲ್ಲ. ಮನೆಯಲ್ಲಿ ಮಾತಾಡಿ ಶಾಲೆಯಲ್ಲಿ ಮೂಕವಾಗುವ ಮಕ್ಕಳನ್ನು ಕುರಿತು 1877ರಲ್ಲಿ ಬರೆದ ಜರ್ಮನಿಯ ವೈದ್ಯ ಕುಸ್‌ಮೌಲ್ ಕೊಟ್ಟ ಹೆಸರಿನಲ್ಲಿ 'ಬೇಕೆಂದೇ ಆಡದಿರುವುದು' ಎಂಬ ಅರ್ಥವಿತ್ತು. 1934ರಲ್ಲಿ ಟ್ರಾಮರ್ ಎಂಬ ವೈದ್ಯರು ಅದನ್ನು 'ಎಲೆಕ್ಟಿವ್ ಮ್ಯೂಟಿಸಂ' ಎಂದರು. ಅಲ್ಲಿಯೂ ಆಯ್ಕೆ ಮಗುವಿನದೇ. ಅಮೆರಿಕದ ಮನೋವೈದ್ಯರು 1994ರಲ್ಲಿ ಅದನ್ನು 'ಸೆಲೆಕ್ಟಿವ್' ಎಂದು ತಿದ್ದಿದರು; ಅಂದರೆ ಕೆಲವು ಸನ್ನಿವೇಶಗಳಲ್ಲಿ ಮಾತ್ರ ತೋರುವ ಮೂಕತನ. 2013ರಲ್ಲಿ ಆತಂಕದ ಕಾಯಿಲೆಗಳ ಸಾಲಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 'ಒಲ್ಲ'ದಿಂದ 'ಆರ'ಕ್ಕೆ ಬರಲು ಶಾಸ್ತ್ರಕ್ಕೆ ನೂರಕ್ಕೂ ಮಿಕ್ಕಿದ ವರ್ಷಗಳು ಹಿಡಿದವು! ನಾಚಿಕೆಯ ಮಕ್ಕಳೆಲ್ಲ ಈ ರೋಗಿಗಳೆಂದು ನಾನು ಹೇಳುತ್ತಿಲ್ಲ. ನನ್ನ ಕೆಲಸ ವೈದ್ಯವಲ್ಲ, ಸಾಹಿತ್ಯ. ಈ ಮಗುವನ್ನು ಕಥೆಗಾರರು ಹೇಗೆ ಕಂಡರು ಎಂದು ಹುಡುಕಲು ಹೊರಟೆ; ಮೂರು ಕೃತಿಗಳು ಕೈಯಲ್ಲಿ ನಿಂತವು.

ಮೊದಲನೆಯದು ರವೀಂದ್ರನಾಥ ಠಾಕೂರರ 'ಗಿನ್ನಿ'. 1891ರ ಕಥೆ, ನಾಲ್ಕೈದು ಪುಟ. ಶಿವನಾಥ ಪಂಡಿತ ಹುಡುಗರನ್ನು ಹೊಡೆಯುವುದಕ್ಕಿಂತ ಅವರಿಗೆ ಅಡ್ಡಹೆಸರಿಡುವುದರಲ್ಲಿ ನಿಪುಣ. ಮನುಷ್ಯನಿಗೆ ತನಗಿಂತ ತನ್ನ ಹೆಸರೇ ಪ್ರಿಯವೆಂದು ಕಥೆಗಾರರು ನಡುವೆ ಬಾಯಿಹಾಕಿ ಹೇಳುತ್ತಾರೆ. ಅವನ ತರಗತಿಯಲ್ಲಿ ಆಶು ಎಂಬ ಬಲು ನಾಚಿಕೆಯ ಹುಡುಗ. ಮಧ್ಯಾಹ್ನ ಮನೆಯ ಆಳು ಅವನಿಗೆ ತಿಂಡಿ, ನೀರು ತರುವುದೇ ಅವನಿಗೊಂದು ಸಂಕಟ. ತನಗೂ ಮನೆಯೊಂದಿದೆ, ತಾಯಿತಂದೆಯರಿದ್ದಾರೆ ಎಂಬುದು ಜೊತೆಯ ಹುಡುಗರಿಗೆ ಗೊತ್ತಾಗಬಾರದು! ಒಂದು ರಜೆಯ ದಿನ, ಮಳೆ. ಆಶು ತನ್ನ ಪುಟ್ಟ ತಂಗಿಯೊಡನೆ ಗೊಂಬೆಯ ಮದುವೆ ಆಡುತ್ತಿದ್ದಾನೆ. ಪುರೋಹಿತ ಬೇಕಲ್ಲ! ಮಳೆಗೆ ಆಸರೆ ಹಿಡಿದು ನಿಂತವರೊಬ್ಬರನ್ನು ತಂಗಿ ಹೋಗಿ ಕರೆಯುತ್ತಾಳೆ. ಆತ ಶಿವನಾಥ ಪಂಡಿತ. ಮರುದಿನ ತರಗತಿಯಲ್ಲಿ ಎಲ್ಲವೂ ಬಯಲಾಗಿ ಆಶುವಿಗೆ 'ಗಿನ್ನಿ' ಎಂದು, ಅಂದರೆ ಮನೆಯೊಡತಿ ಎಂದು ಹೆಸರಾಗುತ್ತದೆ. ಬಿಡುವಿನ ವೇಳೆಯಲ್ಲಿ ಹುಡುಗರು ಅವನನ್ನು ಸುತ್ತುಗಟ್ಟಿ ಕೂಗುತ್ತಾರೆ. ತಂಗಿಯೊಡನೆ ಆಡಿದ್ದೇ ತನ್ನ ಬಾಳಿನ ಮಹಾಪರಾಧವೆಂದು ಆ ಮಗುವಿಗೆ ತೋರುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಇದರ ಪಕ್ಕದಲ್ಲಿ 1912ರ 'ಜೀವನಸ್ಮೃತಿ'ಯ ನಾರ್ಮಲ್ ಸ್ಕೂಲಿನ ಪ್ರಸಂಗವನ್ನಿಟ್ಟು ನೋಡಬೇಕು. ಒಬ್ಬ ಉಪಾಧ್ಯಾಯನ ಹೊಲಸು ಮಾತಿಗೆ ಬೇಸತ್ತು ಬಾಲಕ ರವೀಂದ್ರ ಅವನ ಯಾವ ಪ್ರಶ್ನೆಗೂ ಉತ್ತರ ಕೊಡದೆ, ವರ್ಷವಿಡೀ ಸಾಲಿನ ಕೊನೆಯಲ್ಲಿ ಕುಳಿತು, ಆಯುಧವಿಲ್ಲದೆ ಶತ್ರುವನ್ನು ಗೆಲ್ಲುವ ಉಪಾಯ ಹೆಣೆಯುತ್ತಿದ್ದ. ವರ್ಷದ ಕೊನೆಗೆ ಬಂಗಾಳಿಯಲ್ಲಿ ಅವನೇ ಮೊದಲಿಗ! ಉಪಾಧ್ಯಾಯ ತಕರಾರು ಮಾಡಿದ, ಮತ್ತೆ ಪರೀಕ್ಷೆಯಾಯಿತು, ಮತ್ತೆ ಮೊದಲಿಗ. ಈ ಹುಡುಗ ಒಲ್ಲ. ಆಶು ಆರ. ತರಗತಿಯ ಬಾಗಿಲಲ್ಲಿ ನಿಂತು ನೋಡುವವನಿಗೆ ಇಬ್ಬರ ಮೌನವೂ ಒಂದೇ. ತಾನೇ 'ಒಲ್ಲ'ನಾಗಿದ್ದ ಲೇಖಕರು 'ಆರ'ನ ಕಥೆಯನ್ನು ಬರೆದರೆಂಬುದನ್ನು ನಾನು ಅವರ ದೊಡ್ಡ ಕಾವ್ಯಗಳಷ್ಟೇ ಮೆಚ್ಚುತ್ತೇನೆ.

'ಗಿನ್ನಿ'ಯನ್ನು ನಾನು ಸುಮ್ಮನೆ ಓದಲಾರೆ. ಹತ್ತು ವರ್ಷದ ಹಿಂದೆ, ಬಿ.ಎ. ಮೊದಲ ವರ್ಷದಲ್ಲಿ ಹಾಜರಿ ಕೂಗಿದಾಗ ತಲೆಯನ್ನು ಮಾತ್ರ ಅಲ್ಲಾಡಿಸುತ್ತಿದ್ದ ಹುಡುಗನೊಬ್ಬನನ್ನು ನಾನು 'ಮೌನಿಬಾಬಾ' ಎಂದೆ. ತರಗತಿಯೆಲ್ಲ ನಕ್ಕಿತು. ನನಗೂ ನನ್ನ ಹಾಸ್ಯಪ್ರಜ್ಞೆಯ ಮೇಲೆ ಪ್ರೀತಿ ಬಂತು. ಮೂರು ವರ್ಷ ಆ ಹೆಸರು ಅವನನ್ನು ಬಿಡಲಿಲ್ಲ. ಗ್ರಂಥಾಲಯದ ಜವಾನ ಕೂಡ ಹಾಗೆಯೇ ಕರೆಯುತ್ತಿದ್ದ. ಶಿವನಾಥ ಪಂಡಿತನಿಗೆ ಎಂ.ಎ. ಆಗಿರಲಿಲ್ಲ ಎಂಬುದೊಂದೇ ನಮ್ಮಿಬ್ಬರೊಳಗಿನ ಭೇದ.

ಎರಡನೆಯ ಕೃತಿ ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಚಿತ್ರಕಾರ ತಾರೋ ಯಾಶಿಮಾ ಬರೆದು ಚಿತ್ರಿಸಿದ 'ಕ್ರೋ ಬಾಯ್', 1955ರದು. ಶಾಲೆಯ ಮೊದಲ ದಿನವೇ ಒಬ್ಬ ಹುಡುಗ ಕಾಣೆಯಾಗುತ್ತಾನೆ. ನೋಡಿದರೆ ಶಾಲೆಯ ನೆಲಗಟ್ಟಿನ ಅಡಿಯಲ್ಲಿ ಅಡಗಿ ಕುಳಿತಿದ್ದಾನೆ. ಗಿಡ್ಡನೆಂದು ಅವನಿಗೆ 'ಚಿಬಿ' ಎಂದು ಹೆಸರು. ಗುರುವೆಂದರೆ ಭಯ, ಮಕ್ಕಳೆಂದರೆ ಭಯ. ಯಾರೂ ಅವನ ಜೊತೆ ಸೇರರು. ಅವನು ಮೇಲ್ಛಾವಣಿ ನೋಡುತ್ತಾನೆ, ಮೇಜಿನ ಮರದ ಗೆರೆಗಳನ್ನು ನೋಡುತ್ತಾನೆ, ಮುಂದೆ ಕುಳಿತವನ ಅಂಗಿಯ ತೇಪೆಯನ್ನು ನೋಡುತ್ತಾನೆ. ನೋಡಬಾರದ್ದನ್ನು ನೋಡದಿರಲು ಕಣ್ಣನ್ನು ಮೆಳ್ಳೆ ಮಾಡಿಕೊಳ್ಳುತ್ತಾನೆ. ಅನ್ನದ ಉಂಡೆಯನ್ನು ಮೂಲಂಗಿಯ ಎಲೆಯಲ್ಲಿ ಸುತ್ತಿಕೊಂಡು ದಿನವೂ ಬರುತ್ತಾನೆ. ಮಳೆಗೆ ಒಣಹುಲ್ಲಿನ ಗೊರಬು ಹೊದ್ದು ಬರುತ್ತಾನೆ. ಹೀಗೆ ಐದು ವರ್ಷ. ಆರನೆಯ ವರ್ಷ ಇಸೊಬೆ ಎಂಬ ಹೊಸ ಉಪಾಧ್ಯಾಯರು ಬರುತ್ತಾರೆ. ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುತ್ತಾರೆ. ಕಾಡುದ್ರಾಕ್ಷಿ, ಕಾಡುಗೆಡ್ಡೆ ಎಲ್ಲಿ ಬೆಳೆಯುತ್ತವೆಂಬುದು ಚಿಬಿಗೆ ಗೊತ್ತಿದೆಯೆಂದು ಕಂಡು ಸಂತೋಷಪಡುತ್ತಾರೆ. ಅವನಿಗೊಬ್ಬನಿಗೇ ಅರ್ಥವಾಗುವ ಅವನ ಬರವಣಿಗೆಯನ್ನು ಗೋಡೆಗೆ ಅಂಟಿಸುತ್ತಾರೆ. ಯಾರೂ ಇಲ್ಲದಾಗ ಅವನ ಜೊತೆ ಮಾತಿಗೆ ಕೂರುತ್ತಾರೆ. ಆ ವರ್ಷದ ಪ್ರತಿಭಾ ಪ್ರದರ್ಶನದಲ್ಲಿ ಚಿಬಿ ವೇದಿಕೆ ಹತ್ತಿ ಕಾಗೆಗಳ ದನಿಗಳನ್ನು ಕೂಗುತ್ತಾನೆ: ಮರಿಯ ದನಿ, ತಾಯಿಯ ದನಿ, ತಂದೆಯ ದನಿ, ಊರಿಗೆ ದುಃಖ ಬಂದಾಗಿನ ದನಿ. ಆರು ವರ್ಷ, ದಿನವೂ ನಸುಕಿನಲ್ಲಿ ಮನೆ ಬಿಟ್ಟು ಸೂರ್ಯಾಸ್ತಕ್ಕೆ ಮರಳಿದ ದಾರಿಯಲ್ಲಿ ಕಲಿತದ್ದು. ಮಕ್ಕಳು ಅಳುತ್ತಾರೆ, ದೊಡ್ಡವರು ಕಣ್ಣೊರಸಿಕೊಳ್ಳುತ್ತಾರೆ.

ನಾನೂ ಕಣ್ಣೊರಸಿಕೊಂಡೆ. ಒರಸಿಕೊಂಡ ಮೇಲೆ ಒಂದು ಅನುಮಾನ ಹುಟ್ಟಿತು. ಚಿಬಿಗೆ ಕಾಗೆಯ ದನಿ ಬಾರದಿದ್ದರೆ? ಮೌನದ ಮಗುವಿನ ಒಳಗೆ ಒಂದು ಗುಪ್ತನಿಧಿ ಇದ್ದೇ ತೀರಬೇಕೆಂಬುದು ನಮ್ಮ ಕಥೆಗಳ ಚಾಳಿ. 2007ರ 'ತಾರೇ ಜಮೀನ್ ಪರ್' ಚಿತ್ರದಲ್ಲಿಯೂ ಮಂಕಾಗಿದ್ದ ಹುಡುಗ ಕೊನೆಗೆ ಚಿತ್ರಸ್ಪರ್ಧೆಯಲ್ಲಿ ಗೆಲ್ಲಲೇಬೇಕಾಯಿತು. ರವೀಂದ್ರರಿಗಂತೂ 1913ರಲ್ಲಿ ನೊಬೆಲ್ಲೇ ಬಂತು. ಅವರ ಮೌನವನ್ನು ಯಾರು ಕ್ಷಮಿಸರು? ಯಾವ ನಿಧಿಯೂ ಇಲ್ಲದ, ಸಾಮಾನ್ಯವಾದ, ಭಯಸ್ಥ ಮಗುವನ್ನು ಕಥೆ ಏನು ಮಾಡುತ್ತದೆ? ಯಾಶಿಮಾರ ಪರವಾಗಿ ಒಂದು ಮಾತು ಹೇಳಬೇಕು. ಅವರ ಪುಸ್ತಕದ ಜೀವ ವೇದಿಕೆಯಲ್ಲಿಲ್ಲ, ಅದಕ್ಕೆ ಮೊದಲು ಯಾರೂ ಕಾಣದಂತೆ ಇಸೊಬೆ ಅವನ ಪಕ್ಕದಲ್ಲಿ ಕುಳಿತ ಆ ಒಂದು ಪುಟದಲ್ಲಿದೆ. ಓದಿದವರು ಮಾತ್ರ ಅದನ್ನು ಮರೆತು ಕಾಗೆಯನ್ನು ನೆನಪಿಡುತ್ತಾರೆ. ಶಾಲೆಗಳು ವಾರ್ಷಿಕೋತ್ಸವ ಮಾಡಿ, ಹೆದರಿದ ಮಗುವಿಗೆ ಮರದ ವೇಷ ಹಾಕಿ ನಿಲ್ಲಿಸಿ, ಧೈರ್ಯ ತುಂಬಿದೆವೆಂದುಕೊಳ್ಳುತ್ತವೆ.

ನನ್ನ ಅನುಮಾನಕ್ಕೆ ಉತ್ತರ ಮೂರನೆಯ ಕೃತಿಯಲ್ಲಿದೆ. ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ 'ತೊತ್ತೋ-ಚಾನ್' ಕನ್ನಡಕ್ಕೂ ಬಂದು ನಮ್ಮ ಉಪಾಧ್ಯಾಯರ ಕೈಗಳಲ್ಲಿ ಓಡಾಡಿದೆ. ಸೊಸಾಕು ಕೊಬಾಯಾಶಿ ಟೋಕಿಯೋದಲ್ಲಿ 1937ರಲ್ಲಿ ತೆರೆದ, ರೈಲುಡಬ್ಬಿಗಳನ್ನೇ ತರಗತಿ ಮಾಡಿಕೊಂಡ ತೊಮೊಯೆ ಶಾಲೆಯ ನೆನಪುಗಳವು. 1945ರ ಬಾಂಬುದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಎಲ್ಲರೂ ರೈಲುಡಬ್ಬಿಯನ್ನು ಹೊಗಳುತ್ತಾರೆ. ನಾನು ಹೊಗಳುವುದು ಒಂದು ಊಟದ ವೇಳೆಯನ್ನು.

ಆ ಶಾಲೆಯಲ್ಲಿ ಊಟದ ಹೊತ್ತು ದಿನಕ್ಕೊಬ್ಬ ಮಗು, ದುಂಡಗೆ ಕುಳಿತ ಮಕ್ಕಳ ನಡುವೆ ನಿಂತು ಏನಾದರೂ ಮಾತಾಡಬೇಕು. ಒಬ್ಬ ಹುಡುಗ ತನಗೆ ಹೇಳಲು ಏನೂ ಇಲ್ಲವೆಂದುಬಿಟ್ಟ. ಕೊಬಾಯಾಶಿ ಗದರಲಿಲ್ಲ, ಪಾಪ, ಬಿಟ್ಟುಬಿಡಿ ಎಂದು ಕೂರಿಸಲೂ ಇಲ್ಲ. ಹಾಗಾದರೆ ಹೇಳುವುದನ್ನು ಹುಡುಕೋಣ ಎಂದರು. ಬೆಳಿಗ್ಗೆ ಎದ್ದಾಗಿನಿಂದ ಏನು ಮಾಡಿದೆ? ಹುಡುಗ ತಲೆ ಕೆರೆದುಕೊಂಡು 'ಅದೂ...' ಎಂದ. ನೋಡಿದಿರಾ, 'ಅದೂ' ಎಂದನಲ್ಲ, ಹೇಳುವುದು ಇದೆ ಎಂದಾಯಿತು ಎಂದು ಕೊಬಾಯಾಶಿ ಅದನ್ನೇ ಎತ್ತಿಕೊಂಡರು. ಎದ್ದೆ ಎಂದ. ಆಮೇಲೆ? ಅಮ್ಮ ಹಲ್ಲುಜ್ಜು ಎಂದಳು, ಉಜ್ಜಿದೆ. ಆಮೇಲೆ? ಶಾಲೆಗೆ ಬಂದೆ. ಮುಗಿಯಿತು! ಕೇಳುವ ಆತುರದಲ್ಲಿ ಮುಂದಕ್ಕೆ ಬಾಗಿದ ದೊಡ್ಡ ತರಗತಿಯ ಹುಡುಗನೊಬ್ಬ ತನ್ನ ಊಟದ ಡಬ್ಬಿಯೊಳಗೆ ಮುಖವಿಟ್ಟುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಡುವೆ ನಿಂತ ಆ ಹುಡುಗನೂ ತಟ್ಟಿದ.

ಆಶುವಿನ ಸುತ್ತಲೂ ಮಕ್ಕಳ ವರ್ತುಲವೇ, ಈ ಹುಡುಗನ ಸುತ್ತಲೂ ಮಕ್ಕಳ ವರ್ತುಲವೇ. ಒಂದರಲ್ಲಿ ಗುರು ಅವನ ಗುಟ್ಟನ್ನು ತಂದು ನಡುವೆ ಚೆಲ್ಲಿದ. ಇನ್ನೊಂದರಲ್ಲಿ ಗುರು ತಾನೇ ನಡುವೆ ಇಳಿದು, ಎಡವುವ ಮಾತಿಗೆ ಊರುಗೋಲಾದ. ಹುಡುಗ ಹೇಳಿದ್ದಾದರೂ ಏನು? ಎದ್ದೆ, ಹಲ್ಲುಜ್ಜಿದೆ, ಬಂದೆ. ಕಾಗೆಯಿಲ್ಲ, ಚಿತ್ರವಿಲ್ಲ, ನೊಬೆಲ್ ಇಲ್ಲ. ಹೇಳಲು ಏನೂ ಇಲ್ಲವೆಂದವನ ಬಳಿ ಏನೋ ಇತ್ತೆಂದು ತಿಳಿಯಿತಷ್ಟೆ. ಹೆಸರಿಡದೆ, ಬಹುಮಾನ ಕೊಡದೆ ಬರೆದ ಈ ನಾಲ್ಕು ಪುಟಗಳ ಮುಂದೆ 'ಕ್ರೋ ಬಾಯ್'ನ ಕಣ್ಣೀರು ಸ್ವಲ್ಪ ಅಗ್ಗವೆನಿಸುತ್ತದೆ. ಚಿಕಿತ್ಸಕರು ಒಂದು ಆಕ್ಷೇಪ ಎತ್ತಬಹುದು. ಆಡದ ಮಗು ಮೊದಲ ಮಾತಾಡಿದಾಗ ಅಬ್ಬರಿಸಿ ಹೊಗಳಬಾರದು; ಎಲ್ಲರ ಕಣ್ಣೂ ತನ್ನ ಮೇಲೆಯೇ ಎಂದು ಮತ್ತೆ ಮುದುಡಿಕೊಳ್ಳುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ಸರಿಯಾದ ಮಾತು; ಆ ಹುಡುಗನೂ ಆಡಲು ತೊಡಗಬಲ್ಲವನಾಗಿದ್ದ, ನನ್ನ ತಂಗಿಯ ಮಗಳಷ್ಟು ಕಟ್ಟಿಹೋದವನಲ್ಲ. ಆದರೂ ಅವನು ತನಗೆ ತಾನೇ ಚಪ್ಪಾಳೆ ತಟ್ಟಿದ ವಿವರವನ್ನು ಕುರೊಯಾನಗಿ ಸುಮ್ಮನೆ ಬರೆದಿಲ್ಲ. ಆ ಕ್ಷಣದಲ್ಲಿ ಅವನು ನೋಡಿಸಿಕೊಳ್ಳುವವನಾಗಿ ಉಳಿಯದೆ ನೋಡುವವರಲ್ಲಿ ಒಬ್ಬನಾದ.

ತೊಮೊಯೆಯಲ್ಲಿ ಇಡೀ ಶಾಲೆಗೇ ಸುಮಾರು ಐವತ್ತು ಮಕ್ಕಳು, ನಮ್ಮಲ್ಲಿ ಒಂದು ತರಗತಿಗೇ ಅಷ್ಟು ಎಂದು ಉಪಾಧ್ಯಾಯ ಮಿತ್ರರು ನನ್ನನ್ನು ತಡೆಯುತ್ತಾರೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂದು ಹೇಳುತ್ತದೆ. ಕಾಯಿದೆಯ ಕಾಗದದಲ್ಲಿ ಬೆಂಚುಗಳಿಲ್ಲ. ಅವರ ಕಷ್ಟ ನಿಜ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಹುಡುಗಿಯ ತರಗತಿಗೆ ಬೇರೊಬ್ಬ ಉಪಾಧ್ಯಾಯಿನಿ ಬಂದರು. ಚಿಕ್ಕ ವಯಸ್ಸು. ಅವರು ಈ ಯಾವ ಪುಸ್ತಕವನ್ನೂ ಓದಿಲ್ಲ, ನಾನೇ ಕೇಳಿದೆ. ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಹಾಜರಿಗೆ 'ಪ್ರೆಸೆಂಟ್ ಮಿಸ್' ಎನ್ನಲಾರದವರು ಬಳಪ ಎತ್ತಿ ತೋರಿಸಬಹುದೆಂದು ಅವರು ಇಡೀ ತರಗತಿಗೇ ಹೇಳಿದರು. ತುಂಟರು ನಾಲ್ಕೈದು ಮಂದಿಯೂ ಬಳಪ ಎತ್ತಿದರು. ಅದರಿಂದ ಇವಳ ಬಳಪ ಒಂಟಿಯಾಗಲಿಲ್ಲ. ಒಂದಕ್ಕೆ ಹೋಗಲು ಬಾಗಿಲ ಪಕ್ಕದ ಮೊಳೆಗೆ ಒಂದು ಮರದ ಬಿಲ್ಲೆ ತೂಗುಹಾಕಿದರು. ತೆಗೆದುಕೊಂಡು ಹೋದರಾಯಿತು, ಯಾರನ್ನೂ ಕೇಳಬೇಕಾಗಿಲ್ಲ. ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ದಿನ ತಂಗಿಯನ್ನೂ ಮಗಳನ್ನೂ ಖಾಲಿ ತರಗತಿಯಲ್ಲಿ ಕೂರಿಸಿ, ತಾವು ವರಾಂಡದಲ್ಲಿ ನೋಟ್‌ಬುಕ್ ತಿದ್ದುತ್ತಿದ್ದರು. ತಾಯಿಯೊಡನೆ ಅಲ್ಲಿ ಮಾತು ಹೊರಟಿತು; ಆಕೆಯ ಕುರ್ಚಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಒಳಗೆ ಬಂತು.

ಮಾರ್ಚಿ ತಿಂಗಳಲ್ಲಿ ಕುರ್ಚಿ ಹೊಸ್ತಿಲ ಒಳಗಿತ್ತು. ಹುಡುಗಿ ತಾಯಿಯ ಕಿವಿಯಲ್ಲಿ, ಆಕೆಗೂ ಕೇಳುವಷ್ಟು ಗಟ್ಟಿಯಾಗಿ, ಮಿಸ್ಸಿನ ಕೆಂಪು ಪೆನ್ನಿಗೆ ಕ್ಯಾಪಿಲ್ಲ ಎಂದಳು. ಮಿಸ್ಸು ತಲೆ ಎತ್ತದೆ, "ಹೌದಲ್ಲ, ಎಲ್ಲಿ ಬಿತ್ತೋ" ಎಂದು ಮೇಜಿನ ಕೆಳಗೆ ಹುಡುಕತೊಡಗಿದರಂತೆ. ಈ ಸಲದ ಪ್ರಗತಿ ಪತ್ರದಲ್ಲಿ ಅಭಿಪ್ರಾಯದ ಗೆರೆಯ ಮೇಲೆ ಆಕೆ ಏನನ್ನೂ ಬರೆದಿಲ್ಲ.