ಆಪ್ತ ರಂಗದಲ್ಲಿ ಪ್ರೀತಿ, ಕಾಮ, ಸಂಬಂಧ

ಪ್ರೀತಿ, ಕಾಮ, ದಾಂಪತ್ಯ ರಂಗಭೂಮಿಗೆ ಹಳೆಯ ವಸ್ತುಗಳು. ಆದರೆ ಒಬ್ಬಿಬ್ಬರು ನಟರು, ಒಂದು ಕುರ್ಚಿ, ನಾಲ್ಕು ದೀಪ, ಐವತ್ತು ನೂರು ಜನ ಕೂರುವ ಕೋಣೆ, ಹೆಚ್ಚೆಂದರೆ ಒಂದೂವರೆ ಗಂಟೆ, ಇಷ್ಟರಲ್ಲೇ ಈ ವಸ್ತುಗಳನ್ನು ಕಟ್ಟಿಕೊಡುವ ಸಣ್ಣ ಸ್ವತಂತ್ರ ಪ್ರಯೋಗಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಬೆಳವಣಿಗೆ. ಕನ್ನಡದಲ್ಲಿ ಇವನ್ನು ಆಪ್ತ ರಂಗಭೂಮಿಯ ಪ್ರಯೋಗಗಳೆಂದು ಗುರುತಿಸುವುದು ರೂಢಿ. ದೊಡ್ಡ ಬಂಡವಾಳವಾಗಲಿ ರೆಪರ್ಟರಿಯ ಸಂಬಳವಾಗಲಿ ಇವುಗಳ ಬೆನ್ನಿಗಿಲ್ಲ. ಬರೆದವರೇ ಅನೇಕ ಸಲ ನಟಿಸುತ್ತಾರೆ, ನಟಿಸಿದವರೇ ಟಿಕೆಟ್ ಮಾರುತ್ತಾರೆ. ಹಾಕಿದ ಹಣ ಕಡಿಮೆಯಾದ್ದರಿಂದ ಎಲ್ಲರನ್ನೂ ಮೆಚ್ಚಿಸುವ ಒತ್ತಡವೂ ಕಡಿಮೆ. ನಟಿಯ ಉಸಿರು ಕೇಳುವಷ್ಟು ಹತ್ತಿರ ಕೂತ ಪ್ರೇಕ್ಷಕ ಕತ್ತಲಲ್ಲಿ ಅಡಗಿ ಕೂರಲಾರ. ಪ್ರಕಾರದ ಶಕ್ತಿ ಈ ಸಾಮೀಪ್ಯದಲ್ಲಿದೆ, ಅಪಾಯವೂ ಅಲ್ಲೇ ಇದೆ. ಯಾವ ಪ್ರಯೋಗ ಈ ಸಾಮೀಪ್ಯವನ್ನು ಹೇಗೆ ದುಡಿಸಿಕೊಂಡಿದೆ ಎಂಬುದೇ ಇಲ್ಲಿ ಬೆಲೆ ಕಟ್ಟುವ ಅಳತೆಗೋಲು.

ಪ್ರಕಾರದ ಹುಟ್ಟಿಗೆ ಕಾನೂನಿನ ಹಿನ್ನೆಲೆಯಿದೆ. ಬ್ರಿಟನ್ನಿನಲ್ಲಿ 1737ರ ಕಾಯಿದೆಯ ಬಳಿಕ ಹೊಸ ನಾಟಕಗಳು ಲಾರ್ಡ್ ಚೇಂಬರ್ಲೇನ್ ಕಚೇರಿಯ ಒಪ್ಪಿಗೆ ಪಡೆದೇ ರಂಗಕ್ಕೆ ಬರಬೇಕಿತ್ತು. ಈ ಸೆನ್ಸಾರ್ ರದ್ದಾದದ್ದು 1968ರಲ್ಲಿ. ನ್ಯೂಯಾರ್ಕಿನಲ್ಲಿ 1927ರ ಕಾಯಿದೆಯೊಂದು ಸಲಿಂಗ ಪ್ರೇಮವನ್ನು ರಂಗದ ಮೇಲೆ ತೋರಿಸುವುದನ್ನು ನಿಷೇಧಿಸಿತ್ತು, ತಪ್ಪಿ ನಡೆದ ನಾಟಕಗೃಹಕ್ಕೆ ಬೀಗ ಜಡಿಯುವ ಅಧಿಕಾರವನ್ನೂ ಕೊಟ್ಟಿತ್ತು. ಅದು 1967ರವರೆಗೆ ಉಳಿಯಿತು. ಭಾರತದಲ್ಲಿ ವಸಾಹತು ಸರ್ಕಾರ 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯಿದೆ ಸ್ವಾತಂತ್ರ್ಯದ ನಂತರವೂ ಬಹುಕಾಲ ಕಾನೂನಿನ ಪುಸ್ತಕದಲ್ಲಿ ಉಳಿದಿತ್ತು. ಮಹಾರಾಷ್ಟ್ರದಲ್ಲಿ ವಿಜಯ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ 1972ರಲ್ಲಿ ಸೆನ್ಸಾರ್ ಮಂಡಳಿಯ ಕೋಪಕ್ಕೆ ಗುರಿಯಾಗಿ, ಬಾಂಬೆ ಹೈಕೋರ್ಟಿನವರೆಗೆ ಹೋಗಬೇಕಾಯಿತು. ದೊಡ್ಡ ನಾಟಕಗೃಹ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೋಟೆಲಿನ ಮೂಲೆ, ಶಾಲೆಯ ಕೊಠಡಿ, ನೆಲಮಾಳಿಗೆಯ ಮೇಲೆ ಅಧಿಕಾರದ ಕಣ್ಣು ಅಷ್ಟಾಗಿ ಇರುವುದಿಲ್ಲ. ಖಾಸಗಿ ಬದುಕಿನ ನಾಟಕಗಳು ಇಂಥ ಜಾಗಗಳನ್ನು ಆರಿಸಿಕೊಂಡದ್ದಕ್ಕೆ ಬಡತನದಷ್ಟೇ ಈ ಭಯವೂ ಕಾರಣ.

ಅಂಥ ಜಾಗಗಳಲ್ಲಿ ಹೆಸರಾದದ್ದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಕೆಫೆ ಚೀನೋ. ಜೋ ಚೀನೋ 1958ರಲ್ಲಿ ತೆರೆದ ಈ ಕಾಫಿ ಅಂಗಡಿಯಲ್ಲಿ ಮೇಜುಗಳ ನಡುವೆಯೇ ಪುಟ್ಟ ರಂಗವಿತ್ತು. ಲ್ಯಾನ್‌ಫರ್ಡ್ ವಿಲ್ಸನ್ ಬರೆದ ‘ದ ಮ್ಯಾಡ್‌ನೆಸ್ ಆಫ್ ಲೇಡಿ ಬ್ರೈಟ್’ ಇಲ್ಲಿ 1964ರಲ್ಲಿ ಪ್ರಯೋಗಗೊಂಡಿತು. ವಯಸ್ಸು ಇಳಿಯುತ್ತಿರುವ ಸಲಿಂಗಿಯೊಬ್ಬ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಬಂದು ಹೋದ ಪ್ರೇಮಿಗಳ ಸಹಿಗಳು ಗೋಡೆಯ ಮೇಲಿವೆ. ನಾಟಕ ಅವನ ಪರವಾಗಿ ವಾದ ಹೂಡುವುದಿಲ್ಲ, ಅವನನ್ನು ಕರುಣೆಯ ವಸ್ತುವನ್ನಾಗಿಯೂ ಮಾಡುವುದಿಲ್ಲ. ಒಂಟಿತನ ಒಂದು ಮಧ್ಯಾಹ್ನದಲ್ಲಿ ಹೇಗೆ ಹಬ್ಬುತ್ತದೆಂದು ತೋರಿಸುತ್ತದೆ. ಆ ಸಹಿಗಳ ಮೂಲಕ ಹೋದವರೆಲ್ಲ ರಂಗದ ಮೇಲೆ ಉಳಿಯುತ್ತಾರೆ. ಒಬ್ಬನ ಬಾಯಿಂದ ಬರುವ ಮಾತು ಕೂಡ ಇಬ್ಬರ ನಡುವಿನ ಘಟನೆಯಾಗಬಹುದೆಂದು ಈ ಪ್ರಕಾರ ಬಹಳ ಬೇಗ ಕಂಡುಕೊಂಡಿತು.

ಆಧುನಿಕ ಕನ್ನಡ ನಾಟಕ ಕಾಮವನ್ನು ಬೇರೆ ದಾರಿಯಿಂದ ಮುಟ್ಟಿತು. ಗಿರೀಶ ಕಾರ್ನಾಡರ ‘ಹಯವದನ’ದ ಪದ್ಮಿನಿ ಒಬ್ಬನ ಬುದ್ಧಿಯನ್ನೂ ಇನ್ನೊಬ್ಬನ ದೇಹವನ್ನೂ ಬಯಸುತ್ತಾಳೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಗೌಡ್ತಿಯ ಬಯಕೆ ಫಲವಂತಿಕೆಯ ಆಚರಣೆಯೊಂದಿಗೆ ಹೆಣೆದುಕೊಂಡಿದೆ. ಕಾರ್ನಾಡರದೇ ‘ನಾಗಮಂಡಲ’ದ ರಾಣಿಗೆ ಹಗಲಿನಲ್ಲಿ ಸಿಗದ ಸುಖ ರಾತ್ರಿ ನಾಗನ ರೂಪದಲ್ಲಿ ಬರುತ್ತದೆ. ಮೂರೂ ದೊಡ್ಡ ಕೃತಿಗಳು. ಮೂರರಲ್ಲೂ ಹೆಣ್ಣಿನ ಬಯಕೆಗೆ ಪುರಾಣ, ಜಾನಪದ, ಹಾಡು, ಮೇಳದ ಆವರಣ ಸಿಕ್ಕಿದೆ. ಆ ಆವರಣ ಸೆನ್ಸಾರಿನಿಂದಲೂ ಸಂಕೋಚದಿಂದಲೂ ಕಾಪಾಡಿತು, ವಸ್ತುವಿಗೆ ಎತ್ತರವನ್ನೂ ಕೊಟ್ಟಿತು. ಜೊತೆಗೆ, ನೋಡುವವರಿಗೆ ಇದು ತಮ್ಮ ಮನೆಯ ಕಥೆಯಲ್ಲವೆಂದು ಎದ್ದು ಹೋಗುವ ಅವಕಾಶವನ್ನೂ ಉಳಿಸಿತು. ಆಪ್ತ ರಂಗದ ಪ್ರಯೋಗ ತೆಗೆದುಹಾಕುವುದು ಈ ಅವಕಾಶವನ್ನೇ.

ಈ ಬಗೆಯಲ್ಲಿ ಜಗತ್ತಿನ ಮೂಲೆಮೂಲೆಗೆ ಹೋದ ಕೃತಿ ಈವ್ ಎನ್ಸ್‌ಲರ್ 1996ರಲ್ಲಿ ನ್ಯೂಯಾರ್ಕಿನ ಸಣ್ಣ ರಂಗಮಂದಿರದಲ್ಲಿ ಆಡಿದ ‘ದ ವಜೈನಾ ಮೊನಲಾಗ್ಸ್’. ಇನ್ನೂರಕ್ಕೂ ಹೆಚ್ಚು ಹೆಂಗಸರೊಂದಿಗೆ ನಡೆಸಿದ ಮಾತುಕತೆಯಿಂದ ಕಟ್ಟಿದ ಸ್ವಗತಗಳ ಮಾಲೆಯಿದು. ಸುಖ, ಮುಟ್ಟು, ಹೆರಿಗೆ, ಅತ್ಯಾಚಾರ ಎಲ್ಲವೂ ಒಂದೇ ರಂಗದಲ್ಲಿ, ಕಾರ್ಡು ಹಿಡಿದು ಕುಳಿತ ಹೆಂಗಸರ ಬಾಯಿಂದ ಬರುತ್ತವೆ. ಭಾರತದಲ್ಲಿ ಮಹಾಬಾನೂ ಮೋದಿ-ಕೋತ್ವಾಲ್ ಅವರ ಪೂರ್-ಬಾಕ್ಸ್ ಪ್ರೊಡಕ್ಷನ್ಸ್ 2003ರಲ್ಲಿ ಮುಂಬೈಯಲ್ಲಿ ಇದನ್ನು ಆರಂಭಿಸಿತು. ಮರುವರ್ಷ ಚೆನ್ನೈ ಪೊಲೀಸರು ಪ್ರದರ್ಶನಕ್ಕೆ ಅನುಮತಿ ಕೊಡಲಿಲ್ಲ. ಹೆಣ್ಣಿನ ಅಂಗವೊಂದರ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವುದೇ ಅಪರಾಧದಂತೆ ಕಂಡ ಕಾಲದಲ್ಲಿ ಈ ಕೃತಿ ಮಾಡಿದ ಕೆಲಸ ದೊಡ್ಡದು. ತಾನೊಬ್ಬಳೇ ಅನುಭವಿಸಿದ್ದೇನೆಂದು ತಿಳಿದವಳು ಪಕ್ಕದ ಕುರ್ಚಿಯವಳೂ ಅದನ್ನೇ ಅನುಭವಿಸಿದ್ದಾಳೆಂದು ಅರಿತು ಹೊರಬರುವಂತೆ ಮಾಡಿದ್ದು ಅದರ ನಿಜವಾದ ಗೆಲುವು.

ನಾಟಕವಾಗಿ ನೋಡಿದರೆ ಅದರ ಮಿತಿಗಳೂ ಸ್ಪಷ್ಟವಾಗಿವೆ. ಒಬ್ಬಳ ಹೇಳಿಕೆ ಮುಗಿದ ಮೇಲೆ ಇನ್ನೊಬ್ಬಳದು ಬರುತ್ತದೆ. ಒಂದು ಇನ್ನೊಂದನ್ನು ಪ್ರಶ್ನಿಸುವುದಿಲ್ಲ, ತಿದ್ದುವುದಿಲ್ಲ. ಸಂಬಂಧದಲ್ಲಿರುವ ಇನ್ನೊಬ್ಬ ವ್ಯಕ್ತಿ ವರದಿಯಲ್ಲಿ ಮಾತ್ರ ಬರುತ್ತಾನೆ, ಸಾಮಾನ್ಯವಾಗಿ ಅಪರಾಧಿಯಾಗಿಯೋ ದಡ್ಡನಾಗಿಯೋ. ಹೆಣ್ತನವನ್ನು ಒಂದು ಅಂಗಕ್ಕೆ ಕಟ್ಟಿಹಾಕಿದೆ ಎಂಬ ಆಕ್ಷೇಪವೂ ಬಲವಾಗಿಯೇ ಬಂತು. ಅಮೆರಿಕದ ಮೌಂಟ್ ಹೋಲಿಯೋಕ್ ಕಾಲೇಜಿನ ವಿದ್ಯಾರ್ಥಿ ತಂಡ 2015ರಲ್ಲಿ, ಲಿಂಗಪರಿವರ್ತಿತ ಮಹಿಳೆಯರಿಗೆ ಇದರಲ್ಲಿ ಸ್ಥಾನವಿಲ್ಲವೆಂಬ ಕಾರಣಕ್ಕೆ ವಾರ್ಷಿಕ ಪ್ರದರ್ಶನವನ್ನು ಕೈಬಿಟ್ಟಿತು. ಮೌನ ಮುರಿಯುವ ಕೆಲಸಕ್ಕೆ ಸಾಕ್ಷಿಯ ಮಾತು ಸಾಕು. ಮೌನ ಮುರಿದ ಮೇಲೂ ನಿಲ್ಲಬೇಕಾದ ನಾಟಕಕ್ಕೆ ಅಷ್ಟೇ ಸಾಲದು.

ಫೀಬಿ ವಾಲರ್-ಬ್ರಿಡ್ಜ್ ಬರೆದು ನಟಿಸಿದ ‘ಫ್ಲೀಬ್ಯಾಗ್’ ಈ ಸಾಕ್ಷಿಯ ಮಾತನ್ನೇ ಸಂಶಯಕ್ಕೆ ಒಡ್ಡಿತು. ವಿಕಿ ಜೋನ್ಸ್ ನಿರ್ದೇಶಿಸಿದ ಈ ಏಕವ್ಯಕ್ತಿ ಪ್ರಯೋಗ 2013ರ ಆಗಸ್ಟಿನಲ್ಲಿ ಎಡಿನ್‌ಬರೋ ಫ್ರಿಂಜ್ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಆಹ್ವಾನವಿಲ್ಲದ ಎಂಟು ತಂಡಗಳು 1947ರಲ್ಲಿ ಆರಂಭಿಸಿದ ಆ ಉತ್ಸವವೇ ಸಣ್ಣ ಪ್ರಯೋಗಗಳ ದೊಡ್ಡ ಸಂತೆ. ನಟಿ ಒಂದು ಕುರ್ಚಿಯ ಮೇಲೆ ಕೂತು ತನ್ನ ಲೈಂಗಿಕ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಪ್ರೇಕ್ಷಕರು ನಗುತ್ತಾರೆ, ಅವಳ ಪಕ್ಷ ವಹಿಸುತ್ತಾರೆ. ಸತ್ತ ಗೆಳತಿಯ ನೆನಪು ಮತ್ತೆ ಮತ್ತೆ ನುಗ್ಗುತ್ತದೆ. ಆ ಗೆಳತಿಯ ಪ್ರಿಯಕರನೊಂದಿಗೆ ಮಲಗಿದವಳು ಇವಳೇ ಎಂಬುದು ಕೊನೆಗೆ ಬಯಲಾಗುತ್ತದೆ. ಅಲ್ಲಿಯವರೆಗಿನ ಬಿಚ್ಚುಮಾತೆಲ್ಲ ಒಂದು ಸತ್ಯವನ್ನು ಮುಚ್ಚಿಡಲು ನಡೆದದ್ದೆಂದು ಆಗ ಅರ್ಥವಾಗುತ್ತದೆ. ಕಾಮದ ಬಗ್ಗೆ ಧೈರ್ಯವಾಗಿ ಮಾತಾಡುವವರೆಲ್ಲ ಪ್ರಾಮಾಣಿಕರೆಂಬ ನಂಬಿಕೆಯನ್ನು ಈ ಕೃತಿ ಒಡೆಯುತ್ತದೆ. ನಕ್ಕ ಪ್ರೇಕ್ಷಕರೂ ಆ ಮುಚ್ಚಾಟದಲ್ಲಿ ಪಾಲುದಾರರಾಗುತ್ತಾರೆ. 2016ರಲ್ಲಿ ಬಂದ ಬಿಬಿಸಿ ಸರಣಿ ಇದನ್ನು ಮನೆಮಾತಾಗಿಸಿತು. ಆದರೆ ಒಂದೇ ದೇಹ ಎಲ್ಲರನ್ನೂ ನುಡಿಸುವ ಮೂಲ ಪ್ರಯೋಗದ ಬಿಗಿ, ಹಲವು ನಟರು ಕಾಣುವ ಪರದೆಗೆ ಬರಲಾರದು.

ದೆಹಲಿಯ ಮಲ್ಲಿಕಾ ತನೇಜಾ ಅವರ ‘ಥೋಡಾ ಧ್ಯಾನ್ ಸೇ’ ಮಾತಿಗಿಂತ ಮೊದಲು ನೋಟವನ್ನು ಎದುರಿಸುತ್ತದೆ. 2012ರ ಡಿಸೆಂಬರಿನ ದೆಹಲಿ ಅತ್ಯಾಚಾರದ ನಂತರದ ದಿನಗಳಲ್ಲಿ ರೂಪುಗೊಂಡ ಈ ಚಿಕ್ಕ ಪ್ರಯೋಗದ ಆರಂಭದಲ್ಲಿ ನಟಿ ಬಟ್ಟೆಯಿಲ್ಲದೆ ನಿಂತು ಬಹಳ ಹೊತ್ತು ಪ್ರೇಕ್ಷಕರನ್ನು ಸುಮ್ಮನೆ ನೋಡುತ್ತಾರೆ. ಮುಂದೆ ಒಂದರ ಮೇಲೊಂದು ಬಟ್ಟೆ ಹಾಕಿಕೊಳ್ಳುತ್ತ, ಹೆಣ್ಣು ಸ್ವಲ್ಪ ಹುಷಾರಾಗಿರಬೇಕೆಂಬ ದಿನನಿತ್ಯದ ಉಪದೇಶವನ್ನು ಹರಟೆಯಂತೆ ಆಡುತ್ತ ಹೋಗುತ್ತಾರೆ. ಬಟ್ಟೆ ಹೆಚ್ಚಿದಷ್ಟೂ ದೇಹಕ್ಕೆ ಚಲನೆ ಕಷ್ಟವಾಗುತ್ತದೆ, ಸುರಕ್ಷೆಯೇನೂ ಹೆಚ್ಚುವುದಿಲ್ಲ. ನಗ್ನತೆಯನ್ನು ಆಕರ್ಷಣೆಗೆ ಬಳಸುವ ಪ್ರಯೋಗಗಳು ಬಟ್ಟೆ ಕಳಚುವ ಕಡೆಗೆ ಸಾಗುತ್ತವೆ. ಇಲ್ಲಿ ನಡೆ ಅದಕ್ಕೆ ವಿರುದ್ಧ ದಿಕ್ಕಿನದು. ದೊಡ್ಡ ಸಭಾಂಗಣದಲ್ಲಿ ಇದು ಬರೀ ದೃಶ್ಯವಾಗಿಬಿಡುತ್ತಿತ್ತು. ಸಣ್ಣ ಕೋಣೆಯಲ್ಲಿ ನೋಡುವವರು ಅವಳ ಕಣ್ಣಿಗೆ ಕಣ್ಣು ಕೊಡಲೇಬೇಕಾಗುತ್ತದೆ. ಸಾಮೀಪ್ಯ ಈ ಪ್ರಯೋಗದಲ್ಲಿ ವಾದವನ್ನು ತಾನೇ ಮಂಡಿಸುತ್ತದೆ.

ಕನ್ನಡದಲ್ಲಿ ಈ ಪ್ರಕಾರದ ಮಹತ್ವದ ಸಾಧನೆ ಶರಣ್ಯ ರಾಮಪ್ರಕಾಶ್ ಬರೆದು ನಿರ್ದೇಶಿಸಿದ ‘ಅಕ್ಷಯಾಂಬರ’. 2015ರಲ್ಲಿ ಡ್ರಮಾನಾನ್ ತಂಡದಿಂದ ಬಂದ ಈ ನಾಟಕದಲ್ಲಿ ಶರಣ್ಯ ಮತ್ತು ಪ್ರಸಾದ್ ಚೇರ್ಕಾಡಿ ಇಬ್ಬರೇ ನಟರು. ಸನ್ನಿವೇಶ ಯಕ್ಷಗಾನದ ಚೌಕಿಯದು, ಎಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆಯದು. ಸ್ತ್ರೀವೇಷ ಮಾಡುವ ಪುರುಷ ದ್ರೌಪದಿಯಾಗುತ್ತಾನೆ, ಮೇಳಕ್ಕೆ ಹೊಸದಾಗಿ ಕಾಲಿಟ್ಟ ಹೆಣ್ಣು ಕೌರವನಾಗುತ್ತಾಳೆ. ಗಂಡಸು ಕಲಿತು ರೂಢಿಸಿಕೊಂಡ ಹೆಣ್ತನಕ್ಕೂ, ಹುಟ್ಟಿನಿಂದ ಹೆಣ್ಣಾದವಳು ತೊಟ್ಟ ಗಂಡಸಿನ ದರ್ಪಕ್ಕೂ ನಡುವೆ ತಿಕ್ಕಾಟ ಆರಂಭವಾಗುತ್ತದೆ. ಚೌಕಿಯೊಳಗೆ ಅಧಿಕಾರ ಹಿರಿಯ ಕಲಾವಿದನದು, ರಂಗಸ್ಥಳದಲ್ಲಿ ಕೌರವ ವೇಷದವಳದು. ವಸ್ತ್ರಾಪಹರಣದ ಪ್ರಸಂಗದಲ್ಲಿ ಈ ಎರಡು ಅಧಿಕಾರಗಳು ಡಿಕ್ಕಿ ಹೊಡೆದಾಗ, ಒಪ್ಪಿಗೆ ಯಾರದು, ಆಕ್ರಮಣ ಯಾರದು ಎಂಬುದಕ್ಕೆ ಸುಲಭದ ಉತ್ತರ ಸಿಗುವುದಿಲ್ಲ.

‘ಅಕ್ಷಯಾಂಬರ’ದ ಹೆಚ್ಚುಗಾರಿಕೆ ಇರುವುದು ಎರಡು ಕಡೆ. ಮೊದಲನೆಯದು, ಪುರಾಣ ಇಲ್ಲಿ ಮರೆಯಾಗಿ ನಿಲ್ಲುವುದಿಲ್ಲ. ಬಣ್ಣ ಹಚ್ಚುವ, ಕಿರೀಟ ಕಟ್ಟುವ, ಕಳಚುವ ಕೆಲಸಗಳೆಲ್ಲ ಕಣ್ಣೆದುರೇ ನಡೆಯುವುದರಿಂದ, ವೇಷದ ಹಿಂದಿನ ಮನುಷ್ಯರ ಬಯಕೆ, ಮತ್ಸರ, ಅವಮಾನ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಲ್ಲುತ್ತವೆ. ಎರಡನೆಯದು, ಇನ್ನೊಬ್ಬ ವ್ಯಕ್ತಿ ರಂಗದ ಮೇಲೇ ಇದ್ದಾನೆ, ಅವನಿಗೂ ನೋವಿದೆ, ಕಲೆಯ ಮೇಲೆ ಅವನ ಹಕ್ಕೂ ನಿಜವಾದದ್ದು. ನಾಟಕದ ಪಕ್ಷಪಾತ ಹೆಣ್ಣಿನ ಕಡೆಗಿದ್ದರೂ ಅವಳನ್ನು ಅದು ನಿರ್ದೋಷಿಯನ್ನಾಗಿಸುವುದಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಲೇಖಕಿ ಪಡೆದ ತರಬೇತಿ ಇದಕ್ಕೆ ಬೆಂಬಲವಾಗಿದೆ. ಹೊರಗಿನಿಂದ ಬಂದು ಸಂಪ್ರದಾಯವನ್ನು ದೂರುವ ಧಾಟಿ ಇಲ್ಲಿಲ್ಲ. ಯಕ್ಷಗಾನದ ಪರಿಚಯವಿಲ್ಲದವರಿಗೆ ಕೆಲವು ಸೂಕ್ಷ್ಮಗಳು ಕೈತಪ್ಪಬಹುದು. ಕೃತಿ ತನ್ನ ನೆಲಕ್ಕೆ ನಿಷ್ಠವಾಗಿರುವುದಕ್ಕೆ ತೆರುವ ಈ ಬೆಲೆ ದುಬಾರಿಯಲ್ಲ.

ನಗರದಾಚೆಗೂ ಇಂಥ ವಸ್ತು ಹೋಗಬಲ್ಲದೆಂದು ತೋರಿಸಿದ್ದು ‘ಬದುಕು ಬಯಲು’. ಲಿಂಗಪರಿವರ್ತಿತ ಮಹಿಳೆ ಎ. ರೇವತಿಯವರ ಆತ್ಮಕಥನವನ್ನು ದು. ಸರಸ್ವತಿ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶ್ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದಿತು. ಮನೆಯವರ ಹೊಡೆತ, ಹಿಜ್ರಾಗಳು ಒಟ್ಟಾಗಿ ಬಾಳುವ ಹಮಾಮಿನ ಬದುಕು, ಮದುವೆಯ ಆಸೆ, ಕೈಬಿಟ್ಟ ಪ್ರೀತಿ ಇದರ ವಸ್ತು. ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಡುವ ಮೊದಲೇ ಈ ನಾಟಕ ಜನರ ಮುಂದಿತ್ತು. ನಗರದ ಇಂಗ್ಲಿಷ್ ಬಲ್ಲ ಪ್ರೇಕ್ಷಕರಿಗೆ ಮಾತ್ರ ಇಂಥ ನಾಟಕಗಳು ಅರ್ಥವಾಗುತ್ತವೆಂಬ ಮಾತನ್ನು ಈ ಬಗೆಯ ತಂಡಗಳು ಸುಳ್ಳು ಮಾಡಿವೆ.

ಪ್ರಕಾರದ ಸಾಮಾನ್ಯ ದೋಷಗಳನ್ನೂ ಹೇಳಬೇಕು. ಸ್ವಂತ ಅನುಭವ ನಿಜವಾದದ್ದು ಎಂಬುದನ್ನೇ ಕಲೆಯ ಅರ್ಹತೆಯೆಂದು ಅನೇಕ ಪ್ರಯೋಗಗಳು ಎಣಿಸುತ್ತವೆ. ಅನುಭವವನ್ನು ಪ್ರಶ್ನಿಸುವಂತಿಲ್ಲವಾದ್ದರಿಂದ ನಾಟಕವನ್ನೂ ಪ್ರಶ್ನಿಸುವಂತಿಲ್ಲವೆಂಬ ರಕ್ಷೆ ಅದಕ್ಕೆ ಸಿಗುತ್ತದೆ. ಎರಡನೆಯದಾಗಿ, ಬೈಗುಳ ಮತ್ತು ನಗ್ನತೆಯಿಂದ ಹುಟ್ಟುವ ಬೆಚ್ಚುವಿಕೆ ಮೊದಲ ಹತ್ತು ನಿಮಿಷಕ್ಕೇ ಸವೆಯುತ್ತದೆ. ಆಮೇಲೆ ಹೇಳುವುದೇನೆಂದು ತಿಳಿಯದ ಪ್ರಯೋಗಗಳು ಕಡಿಮೆಯಿಲ್ಲ. ಜಾತಿಯ ಪ್ರಶ್ನೆ ಇನ್ನೂ ಹಿಂದೆ ಉಳಿದಿದೆ. ಈ ದೇಶದಲ್ಲಿ ಯಾರು ಯಾರನ್ನು ಪ್ರೀತಿಸಬಹುದೆಂದು ಮೊದಲು ತೀರ್ಮಾನಿಸುವುದು ಜಾತಿಯೇ ಆಗಿರುವಾಗ, ಸಂಬಂಧಗಳ ಕುರಿತ ನಾಟಕ ಅದನ್ನು ಬಿಟ್ಟು ನಡೆದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಇನ್ನೊಂದು ದೋಷ ತಾಲೀಮಿಗೆ ಸೇರಿದ್ದು. ಮುಟ್ಟುವ, ಅಪ್ಪುವ, ಹಿಂಸೆಯ ದೃಶ್ಯಗಳಿಗೆ ದೊಡ್ಡ ರಂಗಸಂಸ್ಥೆಗಳು ನಿಯಮ ಬರೆದುಕೊಳ್ಳತೊಡಗಿವೆ. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್ 2017ರಲ್ಲಿ ಲೈಂಗಿಕ ಕಿರುಕುಳ ತಡೆಯಲು ನಡತೆಯ ಸಂಹಿತೆ ಹೊರತಂದಿತು. ಸಣ್ಣ ತಂಡಗಳು ಹೆಚ್ಚಾಗಿ ಗೆಳೆತನದ ನಂಬಿಕೆಯ ಮೇಲೆ ನಡೆಯುತ್ತವೆ. ಯಾವ ಸ್ಪರ್ಶ ಎಲ್ಲಿಯವರೆಗೆ ಎಂದು ಮೊದಲೇ ಮಾತಾಡಿ, ಪ್ರತಿ ಪ್ರದರ್ಶನಕ್ಕೆ ಮುನ್ನ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದಕ್ಕೆ ಹಣ ಬೇಕಿಲ್ಲ. ಒಪ್ಪಿಗೆಯ ಬಗ್ಗೆ ನಾಟಕ ಆಡುವವರು ಒಪ್ಪಿಗೆ ಕೇಳದೆ ತಾಲೀಮು ನಡೆಸಿದರೆ ಆ ನಾಟಕಕ್ಕೆ ನೈತಿಕ ಬಲ ಉಳಿಯುವುದಿಲ್ಲ.

ಒಟ್ಟಿನಲ್ಲಿ, ಮೌನ ಮುರಿಯುವ ಮೊದಲ ಘಟ್ಟವನ್ನು ಈ ಪ್ರಕಾರ ಗೆದ್ದಿದೆ. ಇನ್ನು ಮುಂದೆ ಬಾಳುವುದು, ಹೇಳಿಕೆಯನ್ನು ದಾಟಿ ಇಬ್ಬರ ನಡುವಿನ ಬಯಕೆ, ಅಧಿಕಾರ, ಅಂಜಿಕೆಗಳನ್ನು ರಂಗದ ಮೇಲೆ ಘಟಿಸುವಂತೆ ಮಾಡುವ ಪ್ರಯೋಗ. ಆ ದೃಷ್ಟಿಯಿಂದ ‘ದ ವಜೈನಾ ಮೊನಲಾಗ್ಸ್’ ಚರಿತ್ರೆಯಲ್ಲಿ ಉಳಿಯುತ್ತದೆ. ‘ಫ್ಲೀಬ್ಯಾಗ್’, ‘ಥೋಡಾ ಧ್ಯಾನ್ ಸೇ’, ‘ಅಕ್ಷಯಾಂಬರ’ ರಂಗದ ಮೇಲೂ ಉಳಿಯುವ ಕೃತಿಗಳು. ಕನ್ನಡದಲ್ಲಿ ಇಂಥವು ಹೆಚ್ಚಬೇಕಾದರೆ ಜಿಲ್ಲೆಗೊಂದಾದರೂ ಕಡಿಮೆ ಬಾಡಿಗೆಯ ಸಣ್ಣ ರಂಗಮಂದಿರ ಬೇಕು, ಟಿಕೆಟ್ ಕೊಂಡು ಬಂದು ಕೂರುವ ಪ್ರೇಕ್ಷಕರೂ ಬೇಕು.