ಕೌದಿಯ ಬೆನ್ನು

ಕೌದಿ ಕೊಳ್ಳುವವರು ಮೊದಲು ಅದನ್ನು ತಿರುವಿ ಹಾಕಿ ನೋಡಬೇಕು. ಮೇಲಿನ ಬಣ್ಣದ ತುಂಡುಗಳಿಗೆ ಯಾರಾದರೂ ಮರುಳಾಗುತ್ತಾರೆ, ಬೆನ್ನು ಮಾತ್ರ ಸುಳ್ಳು ಹೇಳುವುದಿಲ್ಲ. ಕೈಹೊಲಿಗೆಗೆ ಇರುವುದು ಒಂದೇ ದಾರ. ಅದು ಮೇಲೆ ಕಂಡು ಕೆಳಗೆ ಇಳಿಯುತ್ತದೆ, ಹಾಗಾಗಿ ಎರಡೂ ಮಗ್ಗುಲಿಗೆ ಒಂದು ಹೊಲಿಗೆ, ಒಂದು ಬಿಡುವು. ಮಷೀನಿಗೆ ಎರಡು ದಾರ. ಸಾಲು ಎಲ್ಲೂ ಕಡಿಯುವುದಿಲ್ಲ. ‘ಹ್ಯಾಂಡ್‌ಮೇಡ್’ ಚೀಟಿ ನಂಬಿ ಬೆಂಗಳೂರಿನ ಅಂಗಡಿಯೊಂದರಲ್ಲಿ ದುಡ್ಡು ಸುರಿದು, ಮನೆಗೆ ಬಂದ ಮೇಲೆ ಬೆನ್ನು ನೋಡಿದವನು ನಾನು.

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆ ಈ ವ್ಯವಹಾರವೇ ಬೇರೆ. ಬಟ್ಟೆ ಮನೆಯವರದು: ಸವೆದ ಇಲಕಲ್ಲ ಸೀರೆ, ಹಳೇ ಧೋತರ, ಮಕ್ಕಳ ಅಂಗಿ. ನಮ್ಮ ಕೌದಿ ಹೊಲಿಯಲು ಬಂದಾಕೆ ಪಡಸಾಲೆಯಲ್ಲಿ ಹಾಸಿ ಕೂತು, ‘ಎಷ್ಟ ಪದರ ಹಾಕ್ಲಿ ಯಪ್ಪಾ, ಹಾಸಾಕೋ ಹೊದಿಯಾಕೋ?’ ಅಂತ ಕೇಳಿದಳು. ಅಂಚಿನಿಂದ ಸುತ್ತುತ್ತ, ಮೂಲೆಗೊಮ್ಮೆ ತಿರುಗುತ್ತ ಹೊಲಿಗೆ ನಡುವಿಗೆ ಬಂತು. ನಮ್ಮವ್ವನ ಸೀರೆಯ ಕೆಂಪು ಸೆರಗು ಕೌದಿಯ ಹೊಟ್ಟೆಯ ಭಾಗಕ್ಕೆ ಬಿತ್ತು. ನಾನು ಕೇಳಿರಲಿಲ್ಲ, ಆಕೆಯೇ ಇಟ್ಟದ್ದು.

ಬಟ್ಟೆ ನಮ್ಮದು, ದಾರ ನಮ್ಮದು. ಉಳಿದದ್ದು ಬರೀ ಕೈಗೂಲಿ. ಅಲ್ಲಿ ಚೌಕಾಸಿ ಮಾಡಿದರೆ ಯಾವುದನ್ನು ಕಡಿಮೆ ಮಾಡುತ್ತೀರಿ ಅನ್ನುವುದು ಕಣ್ಣೆದುರೇ ಕೂತಿರುತ್ತದೆ. ಪೇಟೆಯ ಬೆಲೆಯಲ್ಲಿ ಬಾಡಿಗೆ, ಡಬ್ಬಿ, ಜಾಹೀರಾತು ಎಲ್ಲ ಕಲೆತು ಆ ಕೈ ಮರೆಯಾಗಿಬಿಡುತ್ತದೆ. ‘ಇದರಲ್ಲಿ ಹೊಲಿದಾಕೆಗೆ ಎಷ್ಟು ಹೋಯಿತು?’ ಎಂದು ನಾನೀಗ ಅಂಗಡಿಯಲ್ಲೇ ಕೇಳುತ್ತೇನೆ. ಮುಖ ಸಿಂಡರಿಸಿದರೆ ಕೆಳಗಿಟ್ಟು ಬರುತ್ತೇನೆ.

ಲಂಬಾಣಿ ಕಸೂತಿಯ ದಿಂಬಿನ ಚೀಲಕ್ಕೂ ಇದೇ ಬೆನ್ನಿನ ಪರೀಕ್ಷೆ, ಇದೇ ಪ್ರಶ್ನೆ. ಸಂಡೂರಿನ ಕಸೂತಿಗೆ 2010ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. 2023ರ ಜುಲೈನಲ್ಲಿ, ಹಂಪಿಯ ಜಿ20 ಸಭೆಯ ವೇಳೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸಂತೋಷ. ಆದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸುತ್ತಿನ ಲಂಬಾಣಿ ತಾಂಡಾಗಳಿಗೆ ಆ ಬೆಳಕು ಅಷ್ಟಾಗಿ ಬೀಳಲಿಲ್ಲ. ವಿಜಯಪುರದ ‘ಬಂಜಾರ ಕಸೂತಿ’ ಸಂಸ್ಥೆ ಜಿಲ್ಲೆಯ ತಾಂಡಾ ಹೆಣ್ಣುಮಕ್ಕಳ ಕೆಲಸವನ್ನು ಮಾರುಕಟ್ಟೆಗೆ ತರುತ್ತಿರುವುದು ಒಂದು ಸಮಾಧಾನ. ಕೊಳ್ಳುವಾಗ ಕಸೂತಿಯ ಕನ್ನಡಿಬಿಲ್ಲೆಯನ್ನೂ ಬೆರಳಿನಿಂದ ಅಲುಗಿಸಿ ನೋಡಿ: ಅಂಟು ಹಚ್ಚಿದ್ದರೆ ಸುತ್ತ ದಾರದ ಕಟ್ಟು ಇರುವುದಿಲ್ಲ.

ನನ್ನ ಕೌದಿ ಮುಗಿದ ದಿನ ಮನೆಯಲ್ಲಿ ಹೋಳಿಗೆ. ಕೂಲಿ ಎಣಿಸಿಕೊಂಡು, ಉಳಿದ ದಾರದ ಉಂಡೆ ಕೈಗಿಟ್ಟು ಆಕೆ ಹೇಳಿದಳು: ‘ಇಟಗೋರಿ, ಹರದಾಗ ಇದರಿಂದನ ಹೊಲೀಬೇಕು.’