ಕಲ್ಲಿಗೆ ಯಾವ ಹೆಸರು? ಸ್ಮಾರಕಗಳ ಪದಪಟ್ಟಿ ಮತ್ತು ಗಡಿಯಾಚೆಯ ವೀರಗಲ್ಲುಗಳು

ನಾನು ಹೊಸೂರು ಕಡೆಯವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಪುರಾತತ್ವ ನನ್ನ ವಿಷಯ ಅಲ್ಲ. ಆದರೂ ಪುರಾತತ್ವದ ವರ್ಗೀಕರಣ ಪದಗಳ ಬಗ್ಗೆ ಮಾತಾಡ್ತೀನಿ. ಯಾಕೆಂದರೆ ನಾವು ತರಗತಿಯಲ್ಲಿ ಕಾವ್ಯ ಅಂತ ಓದುವ ಕೆಲವು ಪಠ್ಯಗಳು ಕಲ್ಲಿನ ಮೇಲಿವೆ. ಆ ಕಲ್ಲನ್ನು ಪಟ್ಟಿಯಲ್ಲಿ ಏನಂತ ಕರೀತಾರೆ ಅನ್ನುವುದರ ಮೇಲೆ ಅದು ಯಾರ ಕೈಗೆ ಸಿಗುತ್ತೆ, ಯಾರ ಕೈಗೆ ಸಿಗಲ್ಲ ಅನ್ನುವುದು ನಿರ್ಧಾರವಾಗುತ್ತೆ.

ಮೊದಲು ಪದಪಟ್ಟಿ ಹೇಗೆ ಕೆಲಸ ಮಾಡುತ್ತೆ ನೋಡೋಣ. ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೆ ಒಂದನ್ನು ಅಧಿಕೃತ ಪದವಾಗಿ ಆರಿಸಿ, ಉಳಿದವನ್ನು ಅದರ ಕಡೆಗೆ ಕೈತೋರಿಸುವ ಪರ್ಯಾಯಗಳಾಗಿ ಇಡುತ್ತಾರೆ. ಮೇಲೆ ವಿಶಾಲ ಪದ, ಕೆಳಗೆ ಕಿರಿದಾದ ಪದ. ಗೆಟ್ಟಿ ಸಂಸ್ಥೆಯ ಕಲೆ ಮತ್ತು ವಾಸ್ತುಶಿಲ್ಪ ಪದಕೋಶ ಇದೇ ಕ್ರಮದ್ದು. ಇಂಗ್ಲೆಂಡಿನಲ್ಲಿ ಸ್ಮಾರಕಗಳಿಗೊಂದು, ವಸ್ತುಗಳಿಗೊಂದು ಅಂತ ಬೇರೆ ಬೇರೆ ಪದಕೋಶಗಳೇ ಇವೆ. ಅಲ್ಲಿ ಸ್ಮಾರಕಗಳನ್ನು ಉಪಯೋಗದ ಮೇಲೆ ವಿಂಗಡಿಸುತ್ತಾರೆ: ಸ್ಮರಣಾರ್ಥ, ರಕ್ಷಣೆ, ಧರ್ಮ ಮತ್ತು ಶವಸಂಸ್ಕಾರ ಹೀಗೆ. ಒಂದು ಬಗೆ ಎರಡು ವರ್ಗದಲ್ಲಿ ಬರುವುದಕ್ಕೂ ಅಲ್ಲಿ ಅವಕಾಶ ಇದೆ. ಇದೆಲ್ಲ ಬೇಕಾದ ಕೆಲಸವೇ. ಪಟ್ಟಿ ಇಲ್ಲದಿದ್ದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಸಿಗಲ್ಲ.

ಅಧಿಕೃತ ಪದ ಅನ್ನುವುದು ಆಕಾಶದಿಂದ ಇಳಿದದ್ದೇನಲ್ಲ ಅನ್ನುವುದಕ್ಕೆ ಒಂದು ಸಣ್ಣ ಮಾತು. ನಿಲ್ಲಿಸಿದ ಒಂಟಿ ಬಂಡೆಗೆ ಲೋಕವೆಲ್ಲ ‘ಮೆನ್‌ಹಿರ್’ ಅನ್ನುತ್ತೆ. ಅದು ಫ್ರಾನ್ಸಿನ ಮೂಲೆಯಲ್ಲಿರುವ ಬ್ರೆಟನ್ ಎಂಬ ಸಣ್ಣ ಭಾಷೆಯ ಪದ, ಅರ್ಥ ‘ಉದ್ದ ಕಲ್ಲು’. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಅಂಥ ಕಲ್ಲುಗಳಿರುವ ಊರಿನ ಹೆಸರೇ ನಿಲಸ್ಕಲ್. ಬ್ರೆಟನ್ ಹಳ್ಳಿಗರ ಮಾತು ಶಾಸ್ತ್ರೀಯ ಪದವಾಯಿತು, ನಮ್ಮ ಹಳ್ಳಿಗರದು ಊರಿನ ಹೆಸರಾಗಿ ಉಳಿಯಿತು. ಇಷ್ಟೇ ವ್ಯತ್ಯಾಸ.

ಈಗ ವೀರಗಲ್ಲಿಗೆ ಬರ್ತೀನಿ. ಇದು ಸ್ಮಾರಕವೋ, ವಸ್ತುವೋ? ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ದಾಟಿದ ಶಾಸನ, ಏಕಶಿಲೆ ಎರಡನ್ನೂ ‘ಪ್ರಾಚೀನ ಸ್ಮಾರಕ’ದ ವ್ಯಾಖ್ಯೆಯೊಳಗೆ ತರುತ್ತೆ. ಅದೇ ಕಾಯ್ದೆಯ ‘ಪುರಾವಸ್ತು’ ವ್ಯಾಖ್ಯೆಯಲ್ಲಿ ಶಿಲ್ಪವೂ ಇದೆ, ಶಾಸನವೂ ಇದೆ. ಹಾಗಾಗಿ ಹೊಲದ ಬದುವಿನಲ್ಲಿ ನಿಂತಿರುವಾಗ ಸ್ಮಾರಕ ಅನ್ನಬಹುದಾದ ಕಲ್ಲು, ಕಿತ್ತು ಸಂಗ್ರಹಾಲಯಕ್ಕೆ ತಂದ ದಿನ ವಸ್ತುವಾಗಿಬಿಡುತ್ತೆ. ಕಲ್ಲು ಬದಲಾಗಲಿಲ್ಲ, ಅದರ ಕೆಳಗಿನ ಮಣ್ಣು ಹೋಯಿತು. ಆದರೆ ವೀರಗಲ್ಲಿನ ಮಟ್ಟಿಗೆ ಅರ್ಧ ಅರ್ಥ ಇರುವುದೇ ಆ ಮಣ್ಣಿನಲ್ಲಿ. ಸತ್ತವನ ಮನೆಯವರಿಗೆ ಕೊಟ್ಟ ‘ನೆತ್ತರುಗೊಡಗೆ’, ‘ಕಲ್ನಾಡು’, ‘ಬಾಳ್ಗಳ್ಚು’ ಎಂಬ ದತ್ತಿಗಳೆಲ್ಲ ಭೂಮಿಯ ಮಾತು.

ಇದಕ್ಕೆ ಆತಕೂರಿನ ಕಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ ಕ್ರಿ.ಶ. 949-50, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಮಾಡಿದ ಯುದ್ಧದ ವಿಷಯ ಅದರಲ್ಲಿದೆ. ಇತಿಹಾಸದವರಿಗೆ ಅದು ಬಹಳ ದೊಡ್ಡ ಆಧಾರ. ಆದರೆ ಕಲ್ಲು ನೆಟ್ಟದ್ದು ಯಾಕೆ? ಗಂಗ ಬೂತುಗನಿಂದ ಮಣಲೆರ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕೆ ಕಲ್ಲು. ಮೇಲೆ ಕೆತ್ತಿರುವುದು ನಾಯಿ ಮತ್ತು ಹಂದಿಯನ್ನು. ಈ ಕಲ್ಲಿಗೆ ಭೂಮಿ ಬಿಟ್ಟಿದ್ದಾರೆ. ಅಲ್ಲಿನ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಬರೆಸಿದ್ದಾರೆ. ಈಗ ಪಟ್ಟಿಯ ಕಾಲಂ ತುಂಬಿ ನೋಡೋಣ. ಶಾಸನ ಅಂದರೆ ನಾಯಿ ಮರೆಯಾಗುತ್ತೆ. ಶಿಲ್ಪ ಅಂದರೆ ತಕ್ಕೋಲ ಮರೆಯಾಗುತ್ತೆ. ವೀರಗಲ್ಲು ಅಂದರೆ ಹುಡುಕುವವರು ಕತ್ತಿ ಹಿಡಿದ ಗಂಡಾಳನ್ನು ನಿರೀಕ್ಷಿಸುತ್ತಾರೆ. ಇನ್ನು ಗೊರವನ ಪೂಜೆಗೆ ಕಾಲಂ ಎಲ್ಲಿದೆ?

ಆತಕೂರು ಒಂದು ವಿಚಿತ್ರ ಅಪವಾದ ಅಂತ ತಳ್ಳಿಹಾಕೋದು ಸುಲಭ. ಹಾಗೇನಿಲ್ಲ. ತಮಿಳುನಾಡಿನ ಚೆಂಗಂ ಸೀಮೆಯ ಎಡುತ್ತನೂರಿನ ಪಲ್ಲವ ಕಾಲದ ಕಲ್ಲಿನಲ್ಲಿ ಒಡೆಯನ ಪಕ್ಕ ನಿಂತ ನಾಯಿಗೂ ಹೆಸರಿದೆ, ಕೋವಿವನ್ ಅಂತ. ತಮಿಳಿನಲ್ಲಿ ಇಂಥ ಕಲ್ಲಿಗೆ ‘ನಡುಕಲ್’ ಅನ್ನುತ್ತಾರೆ. ನಾನು ಗಡಿಯವಳಾದ್ದರಿಂದ ಎರಡೂ ಪದ ಕಿವಿಗೆ ಬಿದ್ದು ಬೆಳೆದವಳು. ನಡು ಅಂದರೆ ನೆಡು. ನಡುಕಲ್ ಅಂದರೆ ನೆಟ್ಟ ಕಲ್ಲು, ಅಷ್ಟೇ. ಕಲ್ಲನ್ನು ಕಂಡು ಆರಿಸುವುದರಿಂದ ಹಿಡಿದು ಹರಸುವವರೆಗೆ ಆರು ಹಂತಗಳನ್ನು ತೊಲ್ಕಾಪ್ಪಿಯಂ ಹೇಳುತ್ತೆ. ನೆಡುವುದು ಅದರಲ್ಲಿ ಒಂದು. ಅಂದರೆ ತಮಿಳು ಪದ ಮಾಡಿದ ಕೆಲಸವನ್ನು ಹೆಸರಿಸುತ್ತೆ, ಕನ್ನಡದ ‘ವೀರಗಲ್ಲು’ ಸತ್ತವನನ್ನು ಹೆಸರಿಸುತ್ತೆ. ಮರಾಠಿಯ ‘ವೀರಗಳ’ ನಮ್ಮ ಪದವೇ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಇಂಗ್ಲಿಷಿನ ‘ಹೀರೋ ಸ್ಟೋನ್’ ಕೂಡ ಈ ವೀರಗಲ್ಲಿನ ಸಾಲಿಗೇ ಸೇರುವ ಪದ. ಅದನ್ನು ಅಧಿಕೃತ ಪದ ಮಾಡಿದಾಗ ನಡುಕಲ್ ತನ್ನ ಅರ್ಥ ಬಿಟ್ಟು ವೀರನ ಅಂಗಿ ತೊಡಬೇಕಾಗುತ್ತೆ. ಕನ್ನಡದವಳಾಗಿ ನನಗೆ ಇದರಿಂದ ಖುಷಿ ಆಗಬೇಕಿತ್ತೇನೋ, ಆಗಲ್ಲ. ನಾಯಿ, ಹುಂಜ, ಹುಲಿ ಕೊಂದವನು, ಬೆಂಕಿಗೆ ಬಿದ್ದವಳು ಎಲ್ಲರಿಗೂ ಜಾಗ ಇರುವುದು ‘ನೆಟ್ಟ ಕಲ್ಲು’ ಎಂಬ ಮಾತಿನಲ್ಲಿ. ಕನ್ನಡ ಶಾಸನಗಳೂ ‘ಕಲ್ಲ ನಿಱಿಸಿದ’ ಎಂದೇ ಹೇಳುತ್ತವಲ್ಲ.

ಬೆಂಕಿಗೆ ಬಿದ್ದವಳು ಅಂದೆ. ಬೆಳತೂರಿನ ದೇಕಬ್ಬೆ ಶಾಸನ 1057ರದ್ದು. ಊರಿರುವುದು ವಯನಾಡಿಗೆ ಅಂಟಿಕೊಂಡ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಗಂಡ ಏಚ ಸತ್ತ ಸುದ್ದಿ ಕೇಳಿ, ತಡೆಯಲು ಬಂದ ಬಂಧುಗಳಿಗೆ ಉತ್ತರ ಕೊಟ್ಟು ಅವಳು ಅಗ್ನಿ ಪ್ರವೇಶಿಸಿದ್ದನ್ನು ವೃತ್ತ, ಕಂದಗಳಲ್ಲಿ ಹೇಳುವ ಪಠ್ಯ ಅದು. ನಮಗೆ ಶಾಸನಕಾವ್ಯ ಅಂತ ಪಾಠ ಆಗುತ್ತೆ. ಪಟ್ಟಿಯಲ್ಲಿ ಅದು ‘ಮಾಸ್ತಿಕಲ್ಲು’. ಮಾಸ್ತಿಕಲ್ಲು ಅಂದರೆ ಬಳೆ ತೊಟ್ಟ, ಮಡಿಸಿದ ಕೈ ಅಂತ ಗುರುತಿಸುವ ರೂಢಿ. ಅದು ಆಕಾರದ ಗುರುತು. ದೇಕಬ್ಬೆಯ ಮಾತು ಆ ಕೈಯಲ್ಲಿಲ್ಲ. ಕಾವ್ಯ ಎಂದು ಓದುವ ನಾವು ಸಹ ಒಂದು ತಪ್ಪು ಮಾಡ್ತೀವಿ: ಪದ್ಯದ ಸೊಗಸನ್ನು ಮೆಚ್ಚುತ್ತಾ ಒಬ್ಬ ಹೆಂಗಸಿನ ಸಾವನ್ನು ಅಲಂಕಾರದ ಉದಾಹರಣೆ ಮಾಡಿಬಿಡ್ತೀವಿ. ಹಾಗಾಗಿ ಎರಡು ಪಟ್ಟಿಗಳೂ ಒಂದನ್ನೊಂದು ತಿದ್ದಬೇಕು ಅನ್ನೋದು ನನ್ನ ವಾದ.

ಕನ್ನಡದ ವಿದ್ವತ್ತು ಇಲ್ಲಿ ಏನು ಮಾಡಿದೆ? ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದ ದೊಡ್ಡ ಗುಣ, ಶಾಸನದೊಳಗಿನ ಪದಗಳಿಗೇ ಕಿವಿ ಕೊಟ್ಟದ್ದು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಇವೆಲ್ಲ ಘಟನೆಯ ಹೆಸರುಗಳು: ದನ ಹಿಡಿದದ್ದು, ಊರು ಹಾಳಾದದ್ದು, ಹೆಂಗಸರ ಗೋಳು. ಕಲ್ಲಿನ ಆಕಾರ ಒಂದೇ ಇದ್ದರೂ ಕಾರಣ ಬೇರೆ. ಇದು ಬೇರೆ ಯಾವ ಪದಕೋಶಕ್ಕೂ ಕಡಿಮೆಯಿಲ್ಲದ ವರ್ಗೀಕರಣ, ಅದೂ ಸತ್ತವರ ಕಾಲದ್ದೇ. 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ಪುಸ್ತಕ ವೀರ ಎಂಬ ಪದವನ್ನು ಹಿಂದಿಟ್ಟು ‘ಸ್ಮಾರಕ ಶಿಲೆಗಳು’ ಎಂಬ ಅಗಲವಾದ ಹೆಸರು ಇಟ್ಟುಕೊಂಡಿತು, ಬೇರೆ ಬೇರೆ ಸೀಮೆಗಳ ಕಲ್ಲುಗಳನ್ನು ಪಕ್ಕಪಕ್ಕ ನಿಲ್ಲಿಸಿತು. ಆ ದಾರಿ ಸರಿ. ‘ಕರ್ನಾಟಕದ’ ಎಂದು ಶುರುವಾಗುವ ನಮ್ಮ ಪುಸ್ತಕಗಳ ಬಗ್ಗೆ ನನಗೆ ತಕರಾರಿದೆ. ಕಲ್ಲು ನೆಟ್ಟವರಿಗೆ 1956ರ ಗೆರೆ ಗೊತ್ತಿರಲಿಲ್ಲ. ಹೊಸೂರಿನ ಕನ್ನಡ ಶಾಸನದ ಕಲ್ಲು ತಮಿಳು ಪಟ್ಟಿಯಲ್ಲಿ ನಡುಕಲ್, ಅಕ್ಕಲಕೋಟೆಯದು ಮರಾಠಿ ಪಟ್ಟಿಯಲ್ಲಿ ವೀರಗಳ. ಬೆಂಗಳೂರಿನಲ್ಲಿ ಕೂತು ‘ವೀರಗಲ್ಲು’ ಎಂದು ಹುಡುಕುವ ವಿದ್ಯಾರ್ಥಿಗೆ ಎರಡೂ ಇಲ್ಲದಂತೆಯೇ.

ಹಾಗಾದರೆ ಏನು ಮಾಡಬೇಕು? ಮೂರೂ ಪದಗಳನ್ನು ಸಮಾನ ಪದಗಳಾಗಿ ಇಡಬೇಕು, ಒಂದರ ಕೆಳಗೆ ಒಂದಲ್ಲ. ಶಾಸನ ಯಾವ ಭಾಷೆಯದು ಎಂಬುದಕ್ಕೆ ಪ್ರತ್ಯೇಕ ಕಾಲಂ ಇರಬೇಕು, ಜಿಲ್ಲೆಯನ್ನು ನೋಡಿ ಊಹಿಸಬಾರದು. ಕಲ್ಲು ತನ್ನನ್ನು ತಾನು ಏನಂತ ಕರೆದುಕೊಂಡಿದೆ ಎನ್ನುವುದಕ್ಕೆ ಒಂದು ಕಾಲಂ, ಯಾವ ಘಟನೆಗೆ ನೆಟ್ಟದ್ದು ಎನ್ನುವುದಕ್ಕೆ ಇನ್ನೊಂದು. ಕೊನೆಯದಾಗಿ, ಈಗ ಜನ ಅದನ್ನು ಏನೆನ್ನುತ್ತಾರೆ ಎಂಬುದಕ್ಕೂ ಒಂದು. ನಮ್ಮ ಕೃಷ್ಣಗಿರಿ, ಪಕ್ಕದ ಧರ್ಮಪುರಿ ಕಡೆ ಎಷ್ಟೋ ನಡುಕಲ್ಲುಗಳು ವೇಡಿಯಪ್ಪನ್ ದೇವರಾಗಿ ಪೂಜೆ ಪಡೀತಿವೆ. ಸತ್ತವನ ಹೆಸರು ಅಲ್ಲಿ ಪೂಜೆ ಮಾಡುವವರಿಗೆ ಬೇಕಿಲ್ಲ. ಪಟ್ಟಿ ಮಾಡುವವರು ಅದನ್ನು ‘ಬಳಕೆಯಲ್ಲಿಲ್ಲದ ಸ್ಮಾರಕ’ ಅಂತ ಬರೆದುಕೊಂಡು ಎದ್ದರೆ, ಮುಂದಿನ ವಾರ ಪೂಜೆಗೆ ಬಂದವರು ನಗ್ತಾರೆ. ಅಥವಾ ಕಲ್ಲು ಕೀಳೋಕೆ ಬಿಡಲ್ಲ. ಆತಕೂರಿನ ಗೊರವನೂ ಬಿಡ್ತಿರಲಿಲ್ಲ.

ಇಷ್ಟು ನನ್ನ ಮಾತು. ಸೊಲ್ಲಾಪುರದ ಕಡೆಯಿಂದ ಸೇರಿರುವವರು ಅಲ್ಲಿನ ಹಳ್ಳಿಗಳಲ್ಲಿ ಹಿರಿಯರು ಈ ಕಲ್ಲಿಗೆ ವೀರಗಳ ಅನ್ನುತ್ತಾರೋ, ಬೇರೆ ಹೆಸರಿದೆಯೋ ದಯವಿಟ್ಟು ಹೇಳಬೇಕು.